ಸ್ಟ್ರಾಸ್‌ಬರ್ಗಿನ ಹೊಸ್ತಿಲು: ಮಾನವ ಹಕ್ಕು ಕೋರ್ಟು ಯಾರ ಅರ್ಜಿ ಒಳಗೆ ತೆಗೆದುಕೊಳ್ಳುತ್ತದೆ?

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಎಣ್ಮಕಜೆ ಕಡೆಯ ಒಬ್ಬರು ಅಕ್ಕ ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಜವಳಿ ಅಂಗಡಿಯ ಪ್ಲಾಸ್ಟಿಕ್ ಚೀಲ. ಅದರ ತುಂಬ ಮಗನ ಆಸ್ಪತ್ರೆ ಚೀಟಿ, ವಿಲೇಜ್ ಆಫೀಸಿನ ಸರ್ಟಿಫಿಕೇಟು, ಕಲೆಕ್ಟರೇಟಿಗೆ ಕೊಟ್ಟ ಅರ್ಜಿಗಳ ಪ್ರತಿ, ಅಕ್ಷಯ ಕೇಂದ್ರದ ರಶೀದಿ. ಮಗನಿಗೆ ಹುಟ್ಟಿನಿಂದಲೇ ನಡೆಯಲಿಕ್ಕೆ ಆಗುವುದಿಲ್ಲ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದ ಊರು ಅವರದು. ಚೀಲವನ್ನು ಜಗಲಿಯಲ್ಲಿಟ್ಟು ಕೇಳಿದರು: "ಮಾಷ್ಟ್ರೇ, ಫ್ರಾನ್ಸಿನಲ್ಲಿ ಮಾನವ ಹಕ್ಕಿನ ಕೋರ್ಟು ಉಂಟಂತೆ. ಅಲ್ಲಿಗೆ ಅರ್ಜಿ ಹಾಕಿದರೆ ಆಗ್ತದಾ?"

ಆಗುವುದಿಲ್ಲ ಎಂದು ಹೇಳಲು ಒಂದು ಗಳಿಗೆ ಸಾಕಾಯಿತು. ಯಾಕೆ ಆಗುವುದಿಲ್ಲ ಎಂದು ಹೇಳಲು ಮಧ್ಯಾಹ್ನ ಪೂರ್ತಿ ಬೇಕಾಯಿತು. ನಮ್ಮ ಊರಿನ ಎಷ್ಟೋ ಮಕ್ಕಳು ಈಗ ಜರ್ಮನಿ, ಐರ್ಲೆಂಡ್ ಎಂದು ಕೆಲಸಕ್ಕೆ ಹೋಗಿದ್ದಾರೆ. ಇದೇ ಪ್ರಶ್ನೆಯನ್ನು ಅವರು ಕೇಳಿದರೆ ಉತ್ತರ ಬೇರೆಯೇ ಆಗುತ್ತದೆ. ಹಾಗಾಗಿ ಆ ದಿನ ಹೇಳಿದ್ದನ್ನು ಇಲ್ಲಿ ಸ್ವಲ್ಪ ಬಿಡಿಸಿ ಬರೆಯುತ್ತಿದ್ದೇನೆ.

ಅಕ್ಕ ಕೇಳಿದ್ದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ಬಗ್ಗೆ. ಅದು ಇರುವುದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಪೇಟೆಯಲ್ಲಿ. 1950ರಲ್ಲಿ ಯುರೋಪಿನ ದೇಶಗಳು ರೋಮಿನಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಜೀವದ ಹಕ್ಕು, ಹಿಂಸೆಯಿಂದ ರಕ್ಷಣೆ, ನ್ಯಾಯವಾದ ವಿಚಾರಣೆ, ಮಾತಿನ ಸ್ವಾತಂತ್ರ್ಯ, ಇಂಥ ಹಕ್ಕುಗಳ ಪಟ್ಟಿ ಅದರಲ್ಲಿದೆ. ಆ ಒಪ್ಪಂದವನ್ನು ಕಾಯಲು 1959ರಲ್ಲಿ ಈ ಕೋರ್ಟು ಶುರುವಾಯಿತು. ಈಗ 46 ದೇಶಗಳು ಇದರ ಕೆಳಗೆ ಬರುತ್ತವೆ. 2022ರ ಸೆಪ್ಟೆಂಬರ್ 16ರಂದು ರಷ್ಯಾ ಹೊರಗೆ ಹೋಯಿತು. ಭಾರತ ಯುರೋಪಿನ ದೇಶ ಅಲ್ಲ, ಆ ಒಪ್ಪಂದದಲ್ಲಿಲ್ಲ. ಕೇರಳ ಸರ್ಕಾರದ ಮೇಲೋ ಕೇಂದ್ರದ ಮೇಲೋ ಅಲ್ಲಿ ದೂರು ನಿಲ್ಲುವುದಿಲ್ಲ.

ಆದರೆ ದೂರು ಕೊಡುವವರ ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಆ ಕೋರ್ಟು ನೋಡುವುದಿಲ್ಲ. ದೂರು ಯಾವ ದೇಶದ ಮೇಲೆ, ತೊಂದರೆಯಾದಾಗ ನೀವು ಆ ದೇಶದ ಅಧಿಕಾರದ ಕೆಳಗೆ ಇದ್ದಿರಾ ಎಂದು ಮಾತ್ರ ನೋಡುತ್ತದೆ. ಬದಿಯಡ್ಕದ ಹುಡುಗಿಯೊಬ್ಬಳು ಜರ್ಮನಿಯಲ್ಲಿ ನರ್ಸ್ ಆಗಿದ್ದಾಳೆ ಎಂದಿಟ್ಟುಕೊಳ್ಳಿ. ಅಲ್ಲಿನ ಪೊಲೀಸರು ಅವಳನ್ನು ಅನ್ಯಾಯವಾಗಿ ಕೂಡಿಹಾಕಿದರೆ ಅವಳು ಜರ್ಮನ್ ಪ್ರಜೆಯಷ್ಟೇ ಹಕ್ಕಿನಿಂದ ಸ್ಟ್ರಾಸ್‌ಬರ್ಗಿಗೆ ಹೋಗಬಹುದು. ಗಲ್ಫಿನಲ್ಲಿರುವ ಅವಳ ಅಣ್ಣನಿಗೆ ಆ ದಾರಿ ಇಲ್ಲ. ಅರಬ್ ಲೀಗ್ 2014ರಲ್ಲಿ ಒಂದು ಅರಬ್ ಮಾನವ ಹಕ್ಕು ಕೋರ್ಟಿನ ನಿಯಮಾವಳಿಗೆ ಒಪ್ಪಿಗೆ ಕೊಟ್ಟಿತು, ಆದರೆ ಆ ಕೋರ್ಟು ಬಾಗಿಲು ತೆರೆದಿಲ್ಲ. ನಮ್ಮ ಏಷ್ಯಾ ಖಂಡಕ್ಕೆ ಇಂಥ ಕೋರ್ಟೇ ಇಲ್ಲ. ಕಾಸರಗೋಡಿನಲ್ಲಿ ಗಲ್ಫಿಗೆ ಹೋಗದ ಮನೆ ಹುಡುಕುವುದು ಕಷ್ಟ, ಅಲ್ವಾ? ಹಾಗಾಗಿ ಇದನ್ನು ಹೇಳುವಾಗ ನನಗೆ ಬೇಸರವಾಗುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಈ ಕೋರ್ಟುಗಳಲ್ಲಿ ಪ್ರತಿ ಅರ್ಜಿಗೂ ಎರಡು ಹಂತ. ಮೊದಲ ಹಂತದಲ್ಲಿ "ಈ ಅರ್ಜಿಯನ್ನು ನಾವು ವಿಚಾರಣೆಗೆ ತೆಗೆದುಕೊಳ್ಳಬಹುದೇ" ಎಂದು ನೋಡುತ್ತಾರೆ. ಇದಕ್ಕೆ ಅರ್ಜಿಯ ಸ್ವೀಕಾರಾರ್ಹತೆ ಎನ್ನುತ್ತಾರೆ. ನಾನು ಹೊಸ್ತಿಲು ಎನ್ನುತ್ತೇನೆ. ಹೊಸ್ತಿಲು ದಾಟಿದ ಮೇಲೆ ಎರಡನೆಯ ಹಂತ: ಹಕ್ಕು ನಿಜವಾಗಿ ಮುರಿದಿದೆಯೇ? ಸ್ಟ್ರಾಸ್‌ಬರ್ಗಿಗೆ ಬರುವ ಅರ್ಜಿಗಳಲ್ಲಿ ಬಹುಪಾಲು ಹೊಸ್ತಿಲಲ್ಲೇ ಬಿದ್ದುಹೋಗುತ್ತವೆ. ಅವರಿಗೆಲ್ಲ ಅನ್ಯಾಯ ಆಗಿಲ್ಲ ಎಂದು ಇದರ ಅರ್ಥ ಅಲ್ಲ. ಎಷ್ಟೋ ಸಲ ಅನ್ಯಾಯದ ಮಾತಿಗೆ ಕೋರ್ಟು ಬಂದೇ ಇರುವುದಿಲ್ಲ.

ಹೊಸ್ತಿಲು ದಾಟಿದರೆ ಗೆದ್ದಂತೆಯೂ ಅಲ್ಲ. ಇದಕ್ಕೆ ನಮ್ಮ ಗಡಿನಾಡಿನವರ ಎದೆಗೆ ತಟ್ಟುವ ಒಂದು ಕೇಸು ಇದೆ. ಬೆಲ್ಜಿಯಂ ದೇಶದಲ್ಲಿ ಡಚ್ ಮಾತಾಡುವ ಪ್ರದೇಶ, ಫ್ರೆಂಚ್ ಮಾತಾಡುವ ಪ್ರದೇಶ ಎಂದು ಗೆರೆ ಎಳೆದಿದ್ದರು. ಗೆರೆಯ ಆಚೆ ಉಳಿದ ಫ್ರೆಂಚ್ ಕುಟುಂಬಗಳು ತಮ್ಮ ಮಕ್ಕಳಿಗೆ ತಮ್ಮ ಭಾಷೆಯ ಶಾಲೆ ಬೇಕೆಂದು ಸ್ಟ್ರಾಸ್‌ಬರ್ಗಿಗೆ ಹೋದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕನ್ನಡ ಶಾಲೆಗಳಿಗಾಗಿ ನಮ್ಮ ಹಿರಿಯರು ಪಟ್ಟ ಪಾಡು ನೆನಪಿದ್ದವರಿಗೆ ಆ ತಂದೆತಾಯಿಯರ ಸಂಕಟ ಬಿಡಿಸಿ ಹೇಳಬೇಕಾಗಿಲ್ಲ. ಅವರ ಅರ್ಜಿ ಹೊಸ್ತಿಲು ದಾಟಿತು. ತೀರ್ಪು ಬಂದದ್ದು 1968ರ ಜುಲೈ 23ರಂದು. ತಂದೆತಾಯಿ ಬಯಸಿದ ಭಾಷೆಯಲ್ಲೇ ಸರ್ಕಾರ ಶಾಲೆ ನಡೆಸಬೇಕು ಎಂಬ ಹಕ್ಕು ಆ ಒಪ್ಪಂದದಲ್ಲಿ ಇಲ್ಲ ಎಂದಿತು ಕೋರ್ಟು. ಒಂದು ವಿಷಯದಲ್ಲಿ ಮಾತ್ರ ಅರ್ಜಿದಾರರು ಗೆದ್ದರು. ಬ್ರಸೆಲ್ಸ್ ಸುತ್ತಲಿನ 6 ಊರುಗಳಲ್ಲಿ ಫ್ರೆಂಚ್ ಶಾಲೆಗಳಿದ್ದವು. ತಂದೆತಾಯಿಯ ಮನೆ ಬೇರೆ ಊರಲ್ಲಿದೆ ಎಂಬ ಒಂದೇ ಕಾರಣಕ್ಕೆ ಕೆಲವು ಮಕ್ಕಳನ್ನು ಅಲ್ಲಿಗೆ ಸೇರಿಸಿಕೊಳ್ಳುತ್ತಿರಲಿಲ್ಲ. ಅದು ಭೇದಭಾವ ಎಂದು 8 ನ್ಯಾಯಾಧೀಶರು ಹೇಳಿದರು, 7 ಮಂದಿ ಒಪ್ಪಲಿಲ್ಲ.

ಹೊಸ್ತಿಲಲ್ಲಿ ಅತಿ ದೊಡ್ಡ ತಡೆ ಎಂದರೆ ಮೊದಲು ನಿಮ್ಮ ದೇಶದ ಕೋರ್ಟುಗಳನ್ನು ಹತ್ತಿ ಮುಗಿಸಬೇಕು ಎಂಬ ನಿಯಮ. ಕೇಳಲು ಕ್ರೂರ ಅನ್ನಿಸುತ್ತದೆ. ಅನ್ಯಾಯ ಮಾಡಿದ ಸರ್ಕಾರದ ಕೋರ್ಟಿಗೇ ಮತ್ತೆ ಹೋಗಬೇಕೇ? ಆದರೆ ಇದರ ಹಿಂದಿನ ವಿಚಾರ ಸರಿಯಾದದ್ದೇ ಎಂದು ನನಗನ್ನಿಸುತ್ತದೆ. ಮನೆಯ ತಪ್ಪನ್ನು ತಿದ್ದಿಕೊಳ್ಳಲು ಮನೆಯವರಿಗೆ ಮೊದಲ ಅವಕಾಶ ಕೊಡಬೇಕು. ಸಾಕ್ಷಿಗಳೂ ಕಡತಗಳೂ ಅಲ್ಲೇ ಇರುತ್ತವೆ. ಅಲ್ಲಿನ ಕೋರ್ಟುಗಳು ಬಲವಾದರೆ ನಾಳೆ ಬರುವ ಸಾವಿರ ಜನಕ್ಕೆ ಅಷ್ಟು ದೂರ ಹೋಗುವ ಕಷ್ಟವೇ ಇರುವುದಿಲ್ಲ. ಜರ್ಮನಿಯಲ್ಲಿರುವ ನಮ್ಮ ನರ್ಸ್ ಹುಡುಗಿ ಕೆಳಗಿನ ಕೋರ್ಟು, ಮೇಲಿನ ಕೋರ್ಟು ದಾಟಿ, ಕಾರ್ಲ್ಸ್‌ರೂಹೆಯಲ್ಲಿರುವ ಸಂವಿಧಾನ ಕೋರ್ಟಿನವರೆಗೂ ಹೋಗಿರಬೇಕು.

ಇಲ್ಲಿ ಜನ ಎಡವುವ ಒಂದು ಜಾಗ ಇದೆ. ಕೋರ್ಟಿಗೆ ಹೋಗಿದ್ದರೆ ಸಾಲದು. ಸ್ಟ್ರಾಸ್‌ಬರ್ಗಿನಲ್ಲಿ ಹೇಳಲಿರುವ ಮಾತನ್ನು ಅಲ್ಲಿಯೂ ಹೇಳಿರಬೇಕು. ಸರ್ಬಿಯಾದ ಕೆಲವು ಮೀಸಲು ಸೈನಿಕರ ಕಥೆ ಹೀಗೆಯೇ ಆಯಿತು. ಯುದ್ಧದಲ್ಲಿ ದುಡಿದ ದಿನಗಳ ಭತ್ಯೆ ತಮಗೆ ಸಿಗಲಿಲ್ಲ, ಬೇರೆ ಊರಿನವರಿಗೆ ಸಿಕ್ಕಿತು, ಇದು ಭೇದಭಾವ ಎಂದು ಅವರ ದೂರು. ಸ್ಟ್ರಾಸ್‌ಬರ್ಗಿನ 17 ನ್ಯಾಯಾಧೀಶರ ದೊಡ್ಡ ಪೀಠ 2014ರಲ್ಲಿ ಹೇಳಿದ್ದು ಇಷ್ಟು: ಆ ಭೇದಭಾವದ ಮಾತನ್ನು ನಿಮ್ಮ ದೇಶದ ಕೋರ್ಟಿನಲ್ಲಿ ಸರಿಯಾದ ರೀತಿಯಲ್ಲಿ ಎತ್ತಲಿಲ್ಲ, ಆದ್ದರಿಂದ ಅರ್ಜಿ ನಿಲ್ಲುವುದಿಲ್ಲ. ಅದಕ್ಕೇ ವಕೀಲರ ಹತ್ತಿರ ಮೊದಲ ದಿನವೇ ಎಲ್ಲವನ್ನೂ ಹೇಳಿ. "ಇದು ಆಮೇಲೆ ನೋಡೋಣ" ಎಂದು ಬಿಟ್ಟ ಮಾತು ಆಮೇಲೆ ಎಲ್ಲಿಯೂ ಉಪಯೋಗಕ್ಕೆ ಬರುವುದಿಲ್ಲ.

ಹಾಗೆಂದು ಸತ್ತ ಬಾಗಿಲನ್ನು ತಟ್ಟುತ್ತಾ ಕೂರಬೇಕೆಂದು ಯಾರೂ ಹೇಳುವುದಿಲ್ಲ. ಟರ್ಕಿಯ ಆಗ್ನೇಯ ಭಾಗದಲ್ಲಿ ಕೆಲೆಕ್ಚಿ ಎಂಬ ಕುರ್ದಿಷ್ ಹಳ್ಳಿಯ ಮನೆಗಳಿಗೆ 1992ರಲ್ಲಿ ಬೆಂಕಿ ಬಿತ್ತು. ಭದ್ರತಾ ಪಡೆಯವರೇ ಹಚ್ಚಿದರು ಎಂದು ಹಳ್ಳಿಯವರ ದೂರು. ಅವರು ಟರ್ಕಿಯ ಕೋರ್ಟಿಗೆ ಹೋಗಿರಲಿಲ್ಲ. ಸರ್ಕಾರ ಅದನ್ನೇ ಹಿಡಿದುಕೊಂಡಿತು. ಸ್ಟ್ರಾಸ್‌ಬರ್ಗಿನ ಕೋರ್ಟು 1996ರಲ್ಲಿ ಸರ್ಕಾರದ ವಾದವನ್ನು ತಳ್ಳಿಹಾಕಿತು. ಆ ಕಾಲಕ್ಕೆ ಆ ಪ್ರದೇಶದಲ್ಲಿ ಹೀಗೆ ಮನೆ ಕಳೆದುಕೊಂಡವರಿಗೆ ಕೋರ್ಟಿನಿಂದ ನಿಜವಾಗಿ ಏನಾದರೂ ಸಿಗುತ್ತಿತ್ತು ಎಂದು ಸರ್ಕಾರ ತೋರಿಸಿಕೊಡಲಿಲ್ಲ. ಪರಿಹಾರ ಕಾಗದದ ಮೇಲೆ ಇದ್ದರೆ ಸಾಲದು, ಕೈಗೆ ಸಿಗುವಂತಿರಬೇಕು. ನನಗೆ ಈ ಇಡೀ ವಿಷಯದಲ್ಲಿ ಅತಿ ಹೆಚ್ಚು ಇಷ್ಟವಾದ ಮಾತು ಇದು. ಇದೇ ಮಾತನ್ನು ಅಮೆರಿಕ ಖಂಡದ ಮಾನವ ಹಕ್ಕು ಕೋರ್ಟು 1988ರಲ್ಲೇ ಹೇಳಿತ್ತು. ಹೊಂಡುರಾಸ್ ದೇಶದಲ್ಲಿ ಮಾನ್ಫ್ರೆಡೊ ವೆಲಾಸ್ಕೆಸ್ ಎಂಬ ವಿದ್ಯಾರ್ಥಿ 1981ರಲ್ಲಿ ಕಾಣೆಯಾದ. ಎತ್ತಿಕೊಂಡು ಹೋದವರು ಸರ್ಕಾರದ ಕಡೆಯವರು. ಮನೆಯವರು ಅಲ್ಲಿನ ಕೋರ್ಟುಗಳಲ್ಲಿ ಮತ್ತೆ ಮತ್ತೆ ಅರ್ಜಿ ಹಾಕಿದರು, ಉತ್ತರ ಸಿಗಲಿಲ್ಲ. ಅಂಥ ಪರಿಹಾರ ಇದ್ದೂ ಇಲ್ಲದ ಹಾಗೆ ಎಂದಿತು ಆ ಕೋರ್ಟು.

ಎರಡನೆಯ ದೊಡ್ಡ ತಡೆ ಗಡುವು. ನಿಮ್ಮ ದೇಶದ ಕೊನೆಯ ತೀರ್ಪು ಬಂದ ಮೇಲೆ ಸ್ಟ್ರಾಸ್‌ಬರ್ಗಿಗೆ ಅರ್ಜಿ ಕಳಿಸಲು ಇರುವುದು ನಾಲ್ಕೇ ತಿಂಗಳು. ಮೊದಲು ಆರು ತಿಂಗಳಿತ್ತು. 2022ರ ಫೆಬ್ರವರಿ 1ರಿಂದ ನಾಲ್ಕಕ್ಕೆ ಇಳಿಸಿದರು. ಹಳೆಯ ಲೇಖನ ಓದಿ ಆರು ತಿಂಗಳಿದೆ ಎಂದು ನಂಬಿ ಕೂತರೆ ಮುಗಿಯಿತು. ಕೊನೆಯ ದಿನ ಭಾನುವಾರವೋ ರಜೆಯೋ ಆದರೆ ಮರುದಿನಕ್ಕೆ ಮುಂದೆ ಹೋಗುವುದೂ ಇಲ್ಲ. ಅರ್ಜಿ ಹೋಗುವುದು ಅಂಚೆಯಲ್ಲಿ, ಕೋರ್ಟಿನದೇ ಫಾರ್ಮ್ ತುಂಬಿಸಿ, ಸಹಿ ಹಾಕಿ, ತೀರ್ಪುಗಳ ಪ್ರತಿ ಸೇರಿಸಿ. ಅಂಚೆ ಕಚೇರಿಯ ಮುದ್ರೆಯ ತಾರೀಖು ಲೆಕ್ಕಕ್ಕೆ. ಫಾರ್ಮಿನಲ್ಲಿ ಒಂದು ಕಾಲಂ ಖಾಲಿ ಬಿಟ್ಟರೂ, ಒಂದು ದಾಖಲೆ ಇಲ್ಲದಿದ್ದರೂ ವಾಪಸ್ ಬರಬಹುದು. ಸರಿಮಾಡಿ ಮತ್ತೆ ಕಳಿಸುವಷ್ಟರಲ್ಲಿ ಗಡುವು ಕಳೆದಿರುತ್ತದೆ. ಫೀಸು ಮಾತ್ರ ಏನೂ ಇಲ್ಲ. ಮೊದಲ ಅರ್ಜಿಗೆ ವಕೀಲರು ಕಡ್ಡಾಯ ಅಲ್ಲ. ಆ 46 ದೇಶಗಳ ಯಾವುದೇ ಅಧಿಕೃತ ಭಾಷೆಯಲ್ಲಿ ಬರೆಯಬಹುದು.

ಇನ್ನು, ಅರ್ಜಿ ಹಾಕುವವರು ಯಾರು? ಸ್ಟ್ರಾಸ್‌ಬರ್ಗಿನಲ್ಲಿ ನೋವು ಉಂಡವರೇ ಬರಬೇಕು. ನಮ್ಮ ಸುಪ್ರೀಂ ಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಎಂದು ಯಾರು ಬೇಕಾದರೂ ಇನ್ನೊಬ್ಬರ ಪರವಾಗಿ ಹೋಗಬಹುದಲ್ಲ, ಅದು ಅಲ್ಲಿ ನಡೆಯುವುದಿಲ್ಲ. ಎಂಡೋಸಲ್ಫಾನ್ ಬಗ್ಗೆ 2011ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಒಂದು ಯುವಜನ ಸಂಘಟನೆ. ಆ ಅರ್ಜಿ ಸ್ಟ್ರಾಸ್‌ಬರ್ಗಿನ ಹೊಸ್ತಿಲಲ್ಲಿ ನಿಲ್ಲುವುದು ಬಹಳ ಕಷ್ಟವಿತ್ತು.

ಬಹಳ ಕಷ್ಟ ಎಂದೆ, ಅಸಾಧ್ಯ ಎನ್ನಲಿಲ್ಲ. ರೊಮೇನಿಯಾದಲ್ಲಿ ವಾಲೆಂಟಿನ್ ಕಂಪಿಯಾನು ಎಂಬ ಯುವಕ ಇದ್ದ. ರೋಮಾ ಸಮುದಾಯದವನು, ಹುಟ್ಟಿದಾಗಲೇ ಹೆತ್ತವರು ಬಿಟ್ಟುಹೋದವನು, ಬುದ್ಧಿಮಾಂದ್ಯತೆ ಇತ್ತು, ಎಚ್‌ಐವಿ ಇತ್ತು. 2004ರಲ್ಲಿ ಒಂದು ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡ. ಅವನ ಪರವಾಗಿ ಕೇಳಲು ಒಂದು ಜೀವವೂ ಇರಲಿಲ್ಲ. ಒಂದು ಸ್ವಯಂಸೇವಾ ಸಂಸ್ಥೆ ಅರ್ಜಿ ಹಾಕಿತು. ನೀವು ಯಾರು ಕೇಳಲು ಎಂದು ಸರ್ಕಾರ ಆಕ್ಷೇಪಿಸಿತು. ಇವರನ್ನು ಹೊರಗೆ ಹಾಕಿದರೆ ಈ ಸಾವಿಗೆ ಯಾರೂ ಉತ್ತರ ಕೊಡಬೇಕಾಗುವುದಿಲ್ಲ ಎಂದು ಕೋರ್ಟು 2014ರಲ್ಲಿ ಸಂಸ್ಥೆಯ ಅರ್ಜಿಯನ್ನು ಒಪ್ಪಿಕೊಂಡಿತು. ಇದನ್ನು ಹೇಳಿದಾಗ ಆ ಅಕ್ಕ ತುಂಬ ಹೊತ್ತು ಸುಮ್ಮನೆ ಕೂತಿದ್ದರು. "ನನ್ನ ಕಾಲ ಆದ ಮೇಲೆ ಇವನದ್ದು ಯಾರು ಕೇಳ್ತಾರೆ ಅಂತಲೇ ನನಗೆ ಚಿಂತೆ" ಎಂದರು.

ಹವಾಮಾನದ ಕೇಸುಗಳಲ್ಲಿ ಈ ಪ್ರಶ್ನೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. 2024ರ ಏಪ್ರಿಲ್ 9ರಂದು ಒಂದೇ ದಿನ ಎರಡು ದೊಡ್ಡ ನಿರ್ಧಾರ ಬಂದವು. ಸ್ವಿಟ್ಜರ್ಲೆಂಡಿನ 2,000ಕ್ಕೂ ಹೆಚ್ಚು ವಯಸ್ಸಾದ ಹೆಂಗಸರ ಒಂದು ಸಂಘ, ಜೊತೆಗೆ ನಾಲ್ವರು ಅಜ್ಜಿಯರು ಬೇರೆಯಾಗಿ, ಸೆಕೆಯಿಂದ ತಮ್ಮ ಜೀವಕ್ಕೆ ಅಪಾಯ ಎಂದು ಹೋಗಿದ್ದರು. ನಾಲ್ವರ ಅರ್ಜಿ ಬಿದ್ದುಹೋಯಿತು, ಅವರಿಗಾದ ತೊಂದರೆ ಅಷ್ಟು ತೀವ್ರ ಎಂದು ತೋರಿಸಲಾಗಲಿಲ್ಲ ಎಂದು. ಸಂಘದ ಅರ್ಜಿ ಉಳಿಯಿತು, ಗೆದ್ದಿತು ಕೂಡ. ಅದೇ ದಿನ ಪೋರ್ಚುಗಲ್ಲಿನ ಆರು ಮಂದಿ ಯುವಜನರು 33 ದೇಶಗಳ ಮೇಲೆ ಹಾಕಿದ್ದ ಅರ್ಜಿ ಹೊಸ್ತಿಲಲ್ಲೇ ಬಿತ್ತು. ಪೋರ್ಚುಗಲ್ ಮೇಲಿನ ದೂರು ಬಿದ್ದದ್ದು ಅವರು ತಮ್ಮ ದೇಶದ ಕೋರ್ಟಿಗೆ ಹೋಗಿರಲಿಲ್ಲ ಎಂದು. ಉಳಿದ ದೇಶಗಳ ಮೇಲಿನದು ಬಿದ್ದದ್ದು ಆ ಮಕ್ಕಳು ಆ ದೇಶಗಳ ಅಧಿಕಾರದ ಕೆಳಗೆ ಇರಲಿಲ್ಲ ಎಂದು. ಮಕ್ಕಳ ಮಾತು ಸುಳ್ಳು ಎಂದು ಯಾರೂ ಹೇಳಲಿಲ್ಲ. ಹೊಸ್ತಿಲು ಎಂದರೆ ಏನು ಎಂದು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಕೇಸು ನನಗೆ ಗೊತ್ತಿಲ್ಲ.

ಉಳಿದ ನಿಯಮಗಳನ್ನು ಬೇಗ ಹೇಳುತ್ತೇನೆ. ಹೆಸರು ಹಾಕದ ಅರ್ಜಿ ತೆಗೆದುಕೊಳ್ಳುವುದಿಲ್ಲ. ಹೊರಗಿನವರಿಗೆ ಹೆಸರು ಗೊತ್ತಾಗಬಾರದು ಎಂದು ಕಾರಣ ಕೊಟ್ಟು ಕೇಳಿಕೊಳ್ಳಬಹುದು, ಕೋರ್ಟಿಗೆ ಮಾತ್ರ ಹೇಳಲೇಬೇಕು. ಪಕ್ಕದ ಮನೆಯವರ ಮೇಲೆ, ಖಾಸಗಿ ಕಂಪನಿಯ ಮೇಲೆ ದೂರು ನಡೆಯುವುದಿಲ್ಲ, ದೂರು ಸರ್ಕಾರದ ಮೇಲೇ ಇರಬೇಕು. ಆದರೆ ಕಾರ್ಖಾನೆಯ ವಿಷದಿಂದ ಜನರನ್ನು ಕಾಪಾಡದೆ ಸರ್ಕಾರ ಸುಮ್ಮನಿದ್ದರೆ ಅದೂ ಸರ್ಕಾರದ ತಪ್ಪೇ. ಸ್ಪೇನಿನ ಲೋರ್ಕಾ ಊರಿನ ಚರ್ಮ ಹದಮಾಡುವ ಕಾರ್ಖಾನೆಗಳ ತ್ಯಾಜ್ಯ ಘಟಕದ ವಾಸನೆ, ಹೊಗೆಯ ಕೇಸಿನಲ್ಲಿ 1994ರಲ್ಲೇ ಹಾಗೆ ತೀರ್ಪಾಗಿದೆ. ನಿಮ್ಮ ದೇಶದ ಕೋರ್ಟು ಸಾಕ್ಷಿಯನ್ನು ತಪ್ಪಾಗಿ ತೂಗಿತು ಎಂದಷ್ಟೇ ಹೇಳಿಕೊಂಡು ಹೋದರೆ ಪ್ರಯೋಜನವಿಲ್ಲ. ಸ್ಟ್ರಾಸ್‌ಬರ್ಗ್ ಇನ್ನೊಂದು ಮೇಲ್ಮನವಿ ಕೋರ್ಟು ಅಲ್ಲ. ಸುಳ್ಳು ಹೇಳಿದರೆ, ಮುಖ್ಯ ಸಂಗತಿ ಮುಚ್ಚಿಟ್ಟರೆ ಅರ್ಜಿ ಹೋಗುತ್ತದೆ. ತೀರಾ ಚಿಕ್ಕ ನಷ್ಟದ ಕೇಸುಗಳನ್ನೂ 2010ರಿಂದ ಕೈಬಿಡಬಹುದು. ರಷ್ಯಾದ ಒಬ್ಬರು ಒಂದು ಯೂರೋಗಿಂತಲೂ ಕಡಿಮೆ ಹಣಕ್ಕಾಗಿ ಹೋಗಿ ಆ ವರ್ಷವೇ ವಾಪಸ್ ಬಂದರು. ಸ್ಪಷ್ಟವಾಗಿ ನಿಲ್ಲದ ಅರ್ಜಿಯನ್ನು ಒಬ್ಬರೇ ನ್ಯಾಯಾಧೀಶರು ತಿರಸ್ಕರಿಸುತ್ತಾರೆ. ಅದರ ಮೇಲೆ ಅಪೀಲು ಇಲ್ಲ.

ಬೇರೆ ಖಂಡಗಳಲ್ಲೂ ಇಂಥ ಕೋರ್ಟುಗಳಿವೆ. ಆಫ್ರಿಕಾದ ಮಾನವ ಹಕ್ಕು ಕೋರ್ಟು ತಾಂಜಾನಿಯಾದ ಅರೂಷಾದಲ್ಲಿದೆ. ಅಲ್ಲಿ ಇನ್ನೊಂದು ವಿಚಿತ್ರ ಬೀಗ ಇದೆ. ದೇಶವೊಂದು ಆ ಕೋರ್ಟನ್ನು ಒಪ್ಪಿಕೊಂಡಿದ್ದರೂ, ಸಾಮಾನ್ಯ ಜನರು ನೇರವಾಗಿ ದೂರು ಕೊಡಬಹುದು ಎಂದು ಆ ದೇಶ ಬೇರೆಯಾಗಿ ಬರೆದುಕೊಟ್ಟಿರಬೇಕು. 2009ರಲ್ಲಿ ಬಂದ ಆ ಕೋರ್ಟಿನ ಮೊದಲ ತೀರ್ಪೇ ಇದರ ಮೇಲೆ: ಸೆನೆಗಲ್ ಹಾಗೆ ಬರೆದುಕೊಟ್ಟಿಲ್ಲ, ಅರ್ಜಿ ನಿಲ್ಲುವುದಿಲ್ಲ. ಬರೆದುಕೊಟ್ಟ ದೇಶಗಳೂ ಹಿಂದೆ ಸರಿಯುತ್ತಿವೆ. ರುವಾಂಡಾ 2016ರಲ್ಲಿ, ಕೋರ್ಟಿಗೆ ಜಾಗ ಕೊಟ್ಟ ತಾಂಜಾನಿಯಾವೇ 2019ರಲ್ಲಿ, ಬೆನಿನ್ ಮತ್ತು ಐವರಿ ಕೋಸ್ಟ್ 2020ರಲ್ಲಿ. ಜನರಿಗೆ ತೆರೆದಿದ್ದ ಬಾಗಿಲನ್ನು ಸರ್ಕಾರಗಳೇ ಹೀಗೆ ಮುಚ್ಚುವುದು ನೋಡಿದರೆ ಸಂಕಟವಾಗುತ್ತದೆ. ಆಫ್ರಿಕಾದಲ್ಲಿ ಇನ್ನೆರಡು ನಿಯಮ ಉಂಟು. ಅರ್ಜಿಯಲ್ಲಿ ಬೈಗುಳ ಇರಬಾರದು. ಕ್ಯಾಮರೂನಿನ ಒಂದು ಸಂಸ್ಥೆ ತನ್ನ ಸರ್ಕಾರವನ್ನು "ಹಿಂಸಕರ ಆಡಳಿತ" ಎಂಬಂಥ ಮಾತುಗಳಲ್ಲಿ ಕರೆದದ್ದಕ್ಕೆ ಆಫ್ರಿಕಾದ ಮಾನವ ಹಕ್ಕು ಆಯೋಗ ದೂರನ್ನು ಒಳಗೆ ಬಿಡಲಿಲ್ಲ. ಹಿಂಸೆ ಅನುಭವಿಸಿದವರು ಹಿಂಸೆ ಎಂದು ಹೇಳಿದರೆ ಅದನ್ನು ಬೈಗುಳ ಎನ್ನುವುದು ನನ್ನ ಮಟ್ಟಿಗೆ ತಪ್ಪು. ಇನ್ನೊಂದು ನಿಯಮ, ಬರೀ ಪೇಪರಿನಲ್ಲಿ ಬಂದ ಸುದ್ದಿ ನಂಬಿ ದೂರು ಕೊಡಬಾರದು. ಅದು ಒಳ್ಳೆಯದೇ.

ಅಮೆರಿಕ ಖಂಡದ ಕೋರ್ಟು ಕೋಸ್ಟಾರಿಕಾದ ಸಾನ್ ಹೋಸೆಯಲ್ಲಿದೆ. ಅಲ್ಲಿಗೆ ಜನರು ನೇರವಾಗಿ ಹೋಗುವ ಹಾಗಿಲ್ಲ. ಮೊದಲು ವಾಷಿಂಗ್ಟನ್ನಿನ ಆಯೋಗಕ್ಕೆ ದೂರು, ಆಯೋಗ ಬೇಕೆಂದರೆ ಕೋರ್ಟಿಗೆ ಒಯ್ಯುತ್ತದೆ. ಗಡುವು ಆರು ತಿಂಗಳು. ಒಳ್ಳೆಯ ಸಂಗತಿ ಎಂದರೆ, ಅಲ್ಲಿ ನೋವು ಉಂಡವರೇ ಬರಬೇಕೆಂದಿಲ್ಲ, ಅವರ ಪರವಾಗಿ ಯಾರು ಬೇಕಾದರೂ ದೂರು ಕೊಡಬಹುದು. ಪಶ್ಚಿಮ ಆಫ್ರಿಕಾದ ದೇಶಗಳಿಗೆ ಅಬುಜಾದಲ್ಲಿ ಇನ್ನೊಂದು ಕೋರ್ಟು ಉಂಟು. ಅಲ್ಲಿ ದೇಶದ ಕೋರ್ಟುಗಳನ್ನು ಮುಗಿಸಿ ಬರಬೇಕೆಂಬ ನಿಯಮವೇ ಇಲ್ಲ. 12ನೇ ವಯಸ್ಸಿನಲ್ಲಿ ಮಾರಾಟವಾಗಿ ವರ್ಷಗಟ್ಟಲೆ ಗುಲಾಮಳಾಗಿದ್ದ ನೈಜರಿನ ಹದೀಜಾತು ಮಾನಿ ಅಲ್ಲಿಗೆ ಹೋಗಿ 2008ರಲ್ಲಿ ತನ್ನ ಸರ್ಕಾರದ ವಿರುದ್ಧ ಗೆದ್ದಳು. ಹೊಸ್ತಿಲು ತಗ್ಗಿದ್ದರೆ ಯಾರು ಒಳಗೆ ಬರಲು ಸಾಧ್ಯ ಎಂದು ಅವಳ ಕೇಸು ತೋರಿಸುತ್ತದೆ.

"ಹಾಗಾದರೆ ನಮಗೆ ಎಂತ ಉಂಟು ಮಾಷ್ಟ್ರೇ?" ಎಂದರು ಅಕ್ಕ.

ಇದೆ. ಸಂವಿಧಾನದ 226ನೇ ವಿಧಿಯಡಿ ಎರ್ನಾಕುಳಂನ ಹೈಕೋರ್ಟು, 32ನೇ ವಿಧಿಯಡಿ ಸುಪ್ರೀಂ ಕೋರ್ಟು. ಜೊತೆಗೆ 1993ರ ಕಾನೂನಿನ ಕೆಳಗೆ ಬಂದ ರಾಷ್ಟ್ರೀಯ ಮಾನವ ಹಕ್ಕು ಆಯೋಗ, ಕೇರಳದ ರಾಜ್ಯ ಆಯೋಗ. ರಾಷ್ಟ್ರೀಯ ಆಯೋಗಕ್ಕೆ ಫೀಸಿಲ್ಲದೆ ದೂರು ಕೊಡಬಹುದು. ಸಂವಿಧಾನದ ಎಂಟನೇ ಅನುಸೂಚಿಯ ಯಾವ ಭಾಷೆಯಲ್ಲಾದರೂ ಬರೆಯಬಹುದು, ಅಂದರೆ ಕನ್ನಡದಲ್ಲೂ. ಮಲಯಾಳದಲ್ಲಿ ಬಂದ ಕಾಗದ ಓದಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಹೋಗುವ ನಮ್ಮ ಕಡೆಯವರಿಗೆ ಇದು ಚಿಕ್ಕ ವಿಷಯ ಅಲ್ಲ. ಆದರೆ ಇಲ್ಲಿಯೂ ಹೊಸ್ತಿಲು ಇದೆ. ಘಟನೆ ನಡೆದು ಒಂದು ವರ್ಷ ಕಳೆದ ಮೇಲೆ ಆಯೋಗ ವಿಚಾರಣೆ ಮಾಡುವಂತಿಲ್ಲ. ಹೆಸರಿಲ್ಲದ ದೂರು, ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯ, ಆಸ್ತಿ ಜಗಳ, ನೌಕರಿಯ ತಕರಾರು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ರಾಜ್ಯ ಆಯೋಗದಲ್ಲಿ ಇರುವ ದೂರನ್ನು ರಾಷ್ಟ್ರೀಯ ಆಯೋಗ ಮುಟ್ಟುವುದಿಲ್ಲ.

ಆಯೋಗ ಶಿಫಾರಸು ಮಾಡಬಹುದೇ ಹೊರತು ಹುಕುಂ ಕೊಡುವಂತಿಲ್ಲ. ಎಂಡೋಸಲ್ಫಾನ್ ವಿಷಯದಲ್ಲಿ ಅದು 2010ರ ಡಿಸೆಂಬರ್ 31ರಂದು ಶಿಫಾರಸು ಮಾಡಿತು: ಸತ್ತವರ ಮನೆಯವರಿಗೆ, ಹಾಸಿಗೆ ಹಿಡಿದವರಿಗೆ ಕನಿಷ್ಠ 5 ಲಕ್ಷ ರೂಪಾಯಿ. ಕೊಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿದ್ದು 2017ರ ಜನವರಿ 10ರಂದು, ಮೂರು ತಿಂಗಳ ಗಡುವು ಕೊಟ್ಟು. ಆ ಮೂರು ತಿಂಗಳು ಐದು ವರ್ಷವಾಯಿತು. 2022ರ ಮೇ ತಿಂಗಳಲ್ಲಿ ನ್ಯಾಯಾಂಗ ನಿಂದನೆ ಅರ್ಜಿಯ ಮೇಲೆ ಕೋರ್ಟು ಸರ್ಕಾರವನ್ನು ಕಟುವಾಗಿ ತರಾಟೆಗೆ ತೆಗೆದುಕೊಂಡಿತು. ನಮಗೊಂದು ಸ್ಟ್ರಾಸ್‌ಬರ್ಗ್ ಇದ್ದಿದ್ದರೆ "ಕಾಗದದ ಮೇಲೆ ಇದ್ದರೆ ಸಾಲದು" ಎಂಬ ಆ ಮಾತನ್ನು ನಾನು ಹಿಡಿಯುತ್ತಿದ್ದದ್ದು ಈ ಐದು ವರ್ಷಗಳ ಮೇಲೆಯೇ.

ಮತ್ತೆ ನಾವು ಚೀಲ ಬಿಡಿಸಿದೆವು. ಜಗಲಿಯಲ್ಲಿ ಕಾಗದಗಳನ್ನು ತಾರೀಖಿನ ಪ್ರಕಾರ ಹರಡಿದೆವು. ಗಾಳಿಗೆ ಹಾರದ ಹಾಗೆ ಒಂದೊಂದರ ಮೇಲೆ ಒಂದೊಂದು ಅಡಿಕೆ ಇಟ್ಟೆವು. ಮುಖ್ಯವಾದ ಒಂದು ಅರ್ಜಿಗೆ ಕಚೇರಿಯ ಮುದ್ರೆಯೇ ಇರಲಿಲ್ಲ. ಕೊಟ್ಟದ್ದು ನೆನಪಿದೆ, ತೆಗೆದುಕೊಂಡವರ ಮುಖವೂ ನೆನಪಿದೆ, ತಾರೀಖು ಮಾತ್ರ ಎಲ್ಲಿಯೂ ಇಲ್ಲ. ಅದನ್ನು ಮತ್ತೆ ಬರೆದೆವು, ಈ ಸಲ ಕನ್ನಡದಲ್ಲಿ, ಎರಡು ಪ್ರತಿ. ಮರುದಿನ ಬೆಳಗಿನ ಬಸ್ಸಿಗೆ ಅಕ್ಕ ಕಾಸರಗೋಡಿಗೆ ಹೋದರು. ಸಂಜೆ ಫೋನ್ ಮಾಡಿ, "ಮಾಷ್ಟ್ರೇ, ಸೀಲು ಹಾಕಿಸಿಕೊಂಡು ಬಂದೆ" ಎಂದರು.